ಎರಡು ಸಾವಿರ ಜನ, ಆದರೂ ಅದು ಸಿಟಿ!

ಮೊದಲು ಒಂದು ತಪ್ಪೊಪ್ಪಿಗೆ. ಹಿಂದಿನ ಸಂಚಿಕೆಯಲ್ಲಿ ಬೀದರಿಗೆ ಬಂದಿದ್ದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಬಗ್ಗೆ ಬರೆಯುವಾಗ, ಆತ ವೋಲ್ಗಾ ನದಿಯಲ್ಲಿ ದೋಣಿ ಹಿಡಿದು ಬರುವಾಗ "ಪ್ಲ್ಯೋಸ್ ಎಂಬ ಹಳ್ಳಿಯನ್ನು" ದಾಟಿದ ಅಂತ ಬರೆದಿದ್ದೆ. ಒಂದೇ ಒಂದು ಪದ. ಅದಕ್ಕೆ ಬಂದ ಕಾಗದಗಳನ್ನು ನೋಡಿದರೆ, ಬೆಂಗಳೂರಿನಲ್ಲಿ ಇಷ್ಟು ಜನಕ್ಕೆ ಆ ಊರಿನ ಮೇಲೆ ಇಷ್ಟು ಪ್ರೀತಿ ಇದೆಯಾ ಅಂತ ನನಗೇ ಆಶ್ಚರ್ಯ. ಅದಕ್ಕೇ ಈ ಸಲ ಸಿನಿಮಾ, ಅಡುಗೆ, ಗಿಡದ ಗೊಬ್ಬರ ಎಲ್ಲ ಬದಿಗಿಟ್ಟು ಪೂರ್ತಿ ಪುಟ ಪ್ಲ್ಯೋಸ್‌ಗೆ.

ಜಯನಗರದಿಂದ ಒಬ್ಬ ತಾಯಿ: ನನ್ನ ಮಗಳು ರಷ್ಯಾದ ಇವಾನೋವೋದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ನಿಮ್ಮ ಅಂಕಣದ ಫೋಟೋ ತೆಗೆದು ಕಳಿಸಿದೆ. "ಅಮ್ಮಾ, ಪ್ಲ್ಯೋಸ್ ಹಳ್ಳಿ ಅಲ್ಲ, ಸಿಟಿ. ಅವರಿಗೆ ಹೇಳು" ಅಂತ ಸಿಟ್ಟು ಮಾಡಿಕೊಂಡಳು. ಅವಳು ಅಲ್ಲಿಗೆ ಹೋಗಿ ಬಂದಿದ್ದಾಳೆ. ಫೋಟೋದಲ್ಲಿ ನನಗೆ ಕಂಡಿದ್ದು ಒಂದು ನದಿ, ದಡದ ಉದ್ದಕ್ಕೂ ಒಂದು ಸಾಲು ಮನೆ, ಹಿಂದೆ ಒಂದು ಗುಡ್ಡ. ಎರಡು ಸಾವಿರ ಜನ ಅಂತೆ. ನಮ್ಮ ಬ್ಲಾಕಿನ ನಾಲ್ಕು ಅಪಾರ್ಟ್‌ಮೆಂಟ್ ಸೇರಿಸಿದರೆ ಅಷ್ಟು ಜನ ಆಗ್ತಾರೆ. ಇದು ಹೇಗೆ ಸಿಟಿ?

ಮಗಳು ಹೇಳಿದ್ದೇ ಸರಿ ಮೇಡಂ. ನಂದೇ ತಪ್ಪು.

ರಷ್ಯನ್ ಭಾಷೆಯಲ್ಲಿ ಪಟ್ಟಣಕ್ಕೂ ನಗರಕ್ಕೂ ಒಂದೇ ಪದ, 'ಗೋರದ್'. ಮಾಸ್ಕೋನೂ ಗೋರದ್, ಪ್ಲ್ಯೋಸೂ ಗೋರದ್. ಆ ಪದದ ಮೂಲ ಅರ್ಥ ಬೇಲಿ ಅಥವಾ ಗೋಡೆ ಹಾಕಿ ಕಾಪಾಡಿದ ಜಾಗ ಅಂತ. ಅಂದರೆ ನಮ್ಮ ಕೋಟೆ. ಕೋಟೆಯ ಹೊರಗೆ ವ್ಯಾಪಾರಿಗಳು, ಕಸುಬಿನವರು ಇರುತ್ತಿದ್ದ ಭಾಗಕ್ಕೆ ಅವರು 'ಪಸಾದ್' ಅನ್ನುತ್ತಾರೆ. ನಮ್ಮ ಪೇಟೆ ಅಂದುಕೊಳ್ಳಿ. ಕಲಾಸಿಪಾಳ್ಯದ ಹತ್ತಿರ ಕೋಟೆ, ಅದರ ಉತ್ತರಕ್ಕೆ ಚಿಕ್ಕಪೇಟೆ, ಅಕ್ಕಿಪೇಟೆ, ಬಳೆಪೇಟೆ ಇಲ್ವಾ, ಅದೇ ಲೆಕ್ಕ. ಪ್ಲ್ಯೋಸ್‌ನಲ್ಲಿ ಕೋಟೆ ಗುಡ್ಡದ ಮೇಲೆ, ಪೇಟೆ ಕೆಳಗೆ ನೀರಿನ ಪಕ್ಕ.

ಕೋಟೆ ಕಟ್ಟಿಸಿದ್ದು 1410ರಲ್ಲಿ, ಮಾಸ್ಕೋದ ಮಹಾರಾಜಕುಮಾರ ಒಂದನೇ ವಸೀಲಿ. ಅದಕ್ಕೆ ಎರಡು ವರ್ಷ ಮೊದಲು, 1408ರಲ್ಲಿ, ತಾತಾರರ ಎಡಿಗೈ ಎಂಬ ಸರದಾರ ದಂಡು ಕಟ್ಟಿಕೊಂಡು ಮಾಸ್ಕೋವರೆಗೆ ನುಗ್ಗಿದ್ದ. ವಸೀಲಿ ರಾಜಧಾನಿ ಬಿಟ್ಟು ವೋಲ್ಗಾ ದಡದ ಕೊಸ್ತ್ರೊಮಾಕ್ಕೆ ಹೋಗಿದ್ದ. ಆ ಭಯ ಹಾಗೇ ಉಳಿಯಿತು ಅಂತ ಕಾಣುತ್ತೆ. ಕೊಸ್ತ್ರೊಮಾಕ್ಕಿಂತ ಕೆಳಗೆ, ನದಿ ತುಂಬಾ ದೂರ ಕಾಣುವ ಒಂದು ಗುಡ್ಡ ಹುಡುಕಿ ಅಲ್ಲಿ ಕೋಟೆ ಹಾಕಿಸಿದ. 'ಪ್ಲ್ಯೋಸ್' ಅಂದರೇನೇ ಅದು: ನದಿ ಒಂದು ತಿರುವಿನಿಂದ ಇನ್ನೊಂದು ತಿರುವಿನವರೆಗೆ ನೆಟ್ಟಗೆ ಹರಿಯುವ ಭಾಗ. ಅಂಥ ಕಡೆ ಯಾವ ದೋಣಿ ಬಂದರೂ ಕಾವಲುಗಾರನ ಕಣ್ಣು ತಪ್ಪಿಸೋಕಾಗಲ್ಲ. ಕೆಂಪೇಗೌಡರು ನಮ್ಮ ಬೆಂಗಳೂರಿಗೆ ಗುದ್ದಲಿ ಹಾಕಿದ್ದು 1537ರಲ್ಲಿ. ಅಂದರೆ ಆ "ಹಳ್ಳಿ" ನಮಗಿಂತ 127 ವರ್ಷ ದೊಡ್ಡದು! ಮರದ ಕೋಟೆ ಈಗಿಲ್ಲ, ಮಣ್ಣಿನ ದಿಬ್ಬಗಳು ಮಾತ್ರ ಇವೆ. 1910ರಲ್ಲಿ, ಐನೂರು ವರ್ಷ ತುಂಬಿದಾಗ, ವಸೀಲಿಯ ಒಂದು ಪ್ರತಿಮೆಯನ್ನೂ ಅಲ್ಲೇ ನಿಲ್ಲಿಸಿದರು.

ಇನ್ನು ಜನಸಂಖ್ಯೆ ವಿಷಯ. ನಮ್ಮಲ್ಲಿ ತಲೆ ಎಣಿಸಿ ದರ್ಜೆ ಕೊಡುತ್ತಾರೆ. 1964ರ ಪುರಸಭೆ ಕಾಯ್ದೆ ಪ್ರಕಾರ ಪಟ್ಟಣ ಪಂಚಾಯಿತಿ ಆಗೋಕೇ 10 ಸಾವಿರ ಜನ, ಪುರಸಭೆಗೆ 20 ಸಾವಿರ. ಗ್ರಾಮ ಪಂಚಾಯಿತಿಗೆ ಬಯಲುಸೀಮೆಯಲ್ಲಿ 5ರಿಂದ 7 ಸಾವಿರ. ಆ ಲೆಕ್ಕದಲ್ಲಿ ಪ್ಲ್ಯೋಸ್‌ಗೆ ಸ್ವಂತ ಗ್ರಾಮ ಪಂಚಾಯಿತಿಯೂ ಸಿಗಲ್ಲ, ಪಕ್ಕದ ಎರಡು ಊರು ಸೇರಿಸಿಕೊಂಡು ಬನ್ನಿ ಅನ್ನುತ್ತಿದ್ದರು. ರಷ್ಯಾದಲ್ಲೂ ಇಂಥ ಲೆಕ್ಕ ಇಲ್ಲದೇ ಇಲ್ಲ. 1957ರಲ್ಲಿ ಮಾಡಿದ ನಿಯಮದಂತೆ ಹೊಸದಾಗಿ ಸಿಟಿ ಆಗಬೇಕಾದರೆ ಕನಿಷ್ಠ 12 ಸಾವಿರ ಜನ ಇರಬೇಕು, ಅದರಲ್ಲಿ ನೂರಕ್ಕೆ 85 ಭಾಗ ಬೇಸಾಯ ಬಿಟ್ಟು ಬೇರೆ ದುಡಿಮೆಯವರ ಕುಟುಂಬ ಆಗಿರಬೇಕು. ಆದರೆ ಅದು ಹೊಸಬರಿಗೆ. ಹಳೆಯ ಕಾಲದಿಂದ ಸಿಟಿ ಅನ್ನಿಸಿಕೊಂಡಿದ್ದು, ಜನ ಕಮ್ಮಿಯಾದರೂ ಸಿಟಿಯಾಗೇ ಇರುತ್ತದೆ. ಅಲ್ಲಿನ ತೂಲಾ ಪ್ರಾಂತ್ಯದಲ್ಲಿ ಚೆಕಾಲಿನ್ ಅಂತ ಒಂದಿದೆ, ಸಾವಿರ ಜನರೂ ಇಲ್ಲ, ಅದೂ ಸಿಟಿಯೇ. ನಮ್ಮ ಮನೆಗಳಲ್ಲಿ ರಿಟೈರ್ ಆಗಿ ಇಪ್ಪತ್ತು ವರ್ಷವಾದರೂ 'ಹೆಡ್‌ಮಾಸ್ಟ್ರು' ಅಂತಲೇ ಕರೆಯಲ್ವಾ, ಹಾಗೆ.

ಯಲಹಂಕದಿಂದ, ಮೂಲ ಬೀದರಿನವರು: ನಿಕಿತಿನ್ ನಮ್ಮೂರಿನ ಬಗ್ಗೆ ಅಷ್ಟೊಂದು ಬರೆದಿದ್ದಾನೆ. ಪ್ಲ್ಯೋಸ್ ಬಗ್ಗೆ ಏನು ಬರೆದಿದ್ದಾನೆ?

ಹೆಚ್ಚೇನಿಲ್ಲ ಸಾರ್. "ಪ್ಲ್ಯೋಸ್‌ಗೆ ಬಂದೆ, ಯಾರೂ ತಡೆಯಲಿಲ್ಲ" ಅನ್ನೋ ಅರ್ಥದ ಒಂದೇ ಸಾಲು. ಆದರೆ ನನಗೆ ಆ ಒಂದು ಸಾಲೇ ಆ ಕಾಲದ ಆಡಳಿತದ ಪೂರ್ತಿ ಚಿತ್ರ ಅನ್ನಿಸುತ್ತದೆ. ಆತ ತನ್ನ ತ್ವೇರ್ ಪಟ್ಟಣದಿಂದ ಹೊರಟಿದ್ದು 1460ರ ದಶಕದ ಕೊನೆಯಲ್ಲಿ. ಕಲ್ಯಾಜಿನ್, ಆಮೇಲೆ ಉಗ್ಲಿಚ್, ಆಮೇಲೆ ಕೊಸ್ತ್ರೊಮಾ, ಆಮೇಲೆ ಪ್ಲ್ಯೋಸ್. ಪ್ರತಿ ಊರಿನ ಹೆಸರಿನ ಮುಂದೆ ಆತ ಹೇಳೋದು ಒಂದೇ ಮಾತು: ಬಿಟ್ಟರು, ಬಿಟ್ಟರು, ಬಿಟ್ಟರು. ಕೊಸ್ತ್ರೊಮಾದಲ್ಲಂತೂ ಅಲ್ಲಿದ್ದ ರಾಜಕುಮಾರನಿಗೆ ಮಹಾರಾಜಕುಮಾರನ ಪತ್ರ ತೋರಿಸಿದ್ದನ್ನೂ ಬರೆದಿದ್ದಾನೆ. ಅಂದರೆ ನದಿ ದಡದ ಊರಿನ ಆಡಳಿತ ಅಂದರೆ ಆಗ ಇಷ್ಟೇ: ದೋಣಿ ನಿಲ್ಲಿಸು, ಕಾಗದ ನೋಡು, ಬಿಡು ಅಥವಾ ಹಿಡಿ. ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಬಸ್ ಸ್ಟಾಪ್ ಇದೆ ನೋಡಿ, ಈಗ ಅಲ್ಲಿ ಯಾರೂ ಸುಂಕ ಕೇಳಲ್ಲ, ಹೆಸರಷ್ಟೇ ಇದೆ. ವೋಲ್ಗಾ ಉದ್ದಕ್ಕೂ ಅಂಥ ಕಟ್ಟೆಗಳ ಸಾಲು ಇತ್ತು ಅಂತ ಊಹಿಸಿಕೊಳ್ಳಿ.

ಪಾಪ, ಇಷ್ಟು ಕಟ್ಟೆಗಳಲ್ಲಿ ಕಾಗದ ತೋರಿಸಿ ದಾಟಿದವನನ್ನು ಕೆಳಗೆ ಅಸ್ತ್ರಾಖಾನ್ ಹತ್ತಿರ ದೋಚಿದರು. ಮುಂದೆ ಸಮುದ್ರ ದಾಟಿ, ಒಂದು ಕುದುರೆ ತಂದು, ಜುನ್ನಾರದಲ್ಲಿ ಅದನ್ನು ಅಲ್ಲಿನ ಖಾನ ಕಿತ್ತುಕೊಂಡರೂ ಹೇಗೋ ವಾಪಸ್ ಪಡೆದು, ಕೊನೆಗೆ ಅದನ್ನು ಮಾರಿದ್ದು ನಿಮ್ಮ ಬೀದರಿನಲ್ಲಿ. ಆಳಂದದ ಜಾತ್ರೆಯಲ್ಲಿ ಕುದುರೆ ವ್ಯಾಪಾರ ಹೇಗೆ ನಡೆಯುತ್ತೆ ಅಂತಲೂ ಬರೆದಿಟ್ಟಿದ್ದಾನೆ. ವಾಪಸ್ ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ತೀರಿಕೊಂಡ. ಪ್ಲ್ಯೋಸನ್ನು ಮತ್ತೆ ನೋಡಲಿಲ್ಲ.

ನಾಗರಬಾವಿಯಿಂದ, ನಿವೃತ್ತ ಪುರಸಭೆ ನೌಕರರು: ಮೂವತ್ತನಾಲ್ಕು ವರ್ಷ ಪುರಸಭೆಗಳಲ್ಲಿ ದುಡಿದವನು ನಾನು. ಮನೆಗಂದಾಯ, ನೀರು, ಬೀದಿದೀಪ, ಚರಂಡಿ ಇಷ್ಟರಲ್ಲೇ ಆಯುಸ್ಸು ಕಳೆಯಿತು. ನನಗೆ ಕೋಟೆ, ರಾಜ ಬೇಡ. ಈ ಊರನ್ನು ನಡೆಸೋರು ಯಾರು, ದುಡ್ಡು ಎಲ್ಲಿಂದ ಬರುತ್ತೆ, ಅಷ್ಟು ಹೇಳಿ ಸಾಕು.

ಸಾರ್, ನಿಮ್ಮ ಕಾಗದ ಓದಿ ಖುಷಿಯಾಯಿತು. ಆದರೆ ರಾಜರನ್ನು ಪೂರ್ತಿ ಬಿಡೋಕಾಗಲ್ಲ. ಒಬ್ಬ ರಾಣಿಯಿಂದಲೇ ಶುರು ಮಾಡಬೇಕು.

1775ರಲ್ಲಿ ಎರಡನೇ ಕ್ಯಾಥರೀನ್ ಇಡೀ ದೇಶವನ್ನು ಹೊಸದಾಗಿ ಪಾಲು ಮಾಡಿದಳು. ಪ್ರಾಂತ್ಯಕ್ಕೆ ಇಷ್ಟು ತಲೆ, ತಾಲ್ಲೂಕಿಗೆ ಇಷ್ಟು ತಲೆ ಅಂತ. ಪ್ರಾಂತ್ಯಕ್ಕೆ 3ರಿಂದ 4 ಲಕ್ಷ, ಅವರು 'ಉಯೆಜ್ದ್' ಅನ್ನುವ ತಾಲ್ಲೂಕಿಗೆ 20ರಿಂದ 30 ಸಾವಿರ. ತೆರಿಗೆ ಪಟ್ಟಿಯಲ್ಲಿದ್ದ ಗಂಡಸರನ್ನು ಮಾತ್ರ ಎಣಿಸಿದ ಲೆಕ್ಕ ಇದು, ಹೆಂಗಸರು ಲೆಕ್ಕಕ್ಕಿಲ್ಲ. ರಾಣಿಯೇ ಹೆಂಗಸು, ಆದರೂ! ಇಷ್ಟೊಂದು ತಾಲ್ಲೂಕು ಮಾಡಿದ ಮೇಲೆ ಪ್ರತಿಯೊಂದಕ್ಕೂ ಒಂದು ಕೇಂದ್ರ ಬೇಕಲ್ಲ, ಅಮಲ್ದಾರ ಎಲ್ಲಿ ಕೂರಬೇಕು, ಖಜಾನೆ ಎಲ್ಲಿಡಬೇಕು. ಪಟ್ಟಣ ಇಲ್ಲದ ಕಡೆ ಹಳ್ಳಿಯನ್ನೇ ಪಟ್ಟಣ ಅಂತ ಆಜ್ಞೆ ಹೊರಡಿಸಿದರು. ಪ್ಲ್ಯೋಸ್ 1778ರಲ್ಲಿ ತಾಲ್ಲೂಕು ಕೇಂದ್ರ ಆಯಿತು, ಕೊಸ್ತ್ರೊಮಾ ಆಡಳಿತದ ಕೆಳಗೆ. ಮರುವರ್ಷ ಲಾಂಛನವೂ ಬಂತು. ಗುರಾಣಿಯ ಮೇಲರ್ಧದಲ್ಲಿ ಕೊಸ್ತ್ರೊಮಾದ ಹಡಗು, ಕೆಳಗೆ ಬೆಳ್ಳಿ ಬಣ್ಣದ ಮೇಲೆ ಹರಿಯುವ ನದಿ. ಊರಿನ ಹೆಸರು ಗೊತ್ತಾಗಲಿ ಅಂತ ನದಿಯ ನೆಟ್ಟನೆಯ ಭಾಗವನ್ನೇ ಬರೆಸಿದ್ದಾರೆ.

1785ರಲ್ಲಿ ಪಟ್ಟಣಗಳಿಗೆ ಒಂದು ಸನ್ನದು ಕೊಟ್ಟಳು. ಪಟ್ಟಣದ ಜನರನ್ನು ಆರು ವರ್ಗ ಮಾಡಿ, ವರ್ಗಕ್ಕೊಬ್ಬರಂತೆ ಆರು ಜನರ ಒಂದು ಸಭೆ, 'ದೂಮಾ'. ಅದಕ್ಕೊಬ್ಬ ಮುಖ್ಯಸ್ಥ, ಅವನಿಗೆ 'ಗಲವಾ' ಅನ್ನುತ್ತಾರೆ, ಅಂದರೆ ತಲೆ. ಕೇಳೋಕೆ ಚೆನ್ನಾಗಿದೆ. ಆದರೆ ಪೊಲೀಸು, ಶಿಸ್ತು, ಜನರನ್ನು ಹೆದರಿಸೋದು ಇವೆಲ್ಲ ಸರ್ಕಾರವೇ ನೇಮಿಸಿದ 'ಗರದ್ನೀಚಿ' ಎಂಬ ಅಧಿಕಾರಿಯ ಕೈಯಲ್ಲಿ. ಆರಿಸಿ ಬಂದ ತಲೆ ಒಂದು ಕಡೆ, ಮೇಲಿಂದ ಬಂದ ಸಾಹೇಬ ಇನ್ನೊಂದು ಕಡೆ. ಅಧ್ಯಕ್ಷರು ಒಂದು ಹೇಳೋದು, ಮುಖ್ಯಾಧಿಕಾರಿ ಇನ್ನೊಂದು ಬರೆಯೋದು, ಮಧ್ಯದಲ್ಲಿ ನಿಮ್ಮಂಥವರ ಫೈಲು ಸಿಕ್ಕಿಹಾಕಿಕೊಳ್ಳೋದು. ನಿಮಗೆ ನಾನು ವಿವರಿಸಬೇಕಾ?

ಆ ಭಾಗ್ಯವೂ ತುಂಬಾ ದಿನ ಇರಲಿಲ್ಲ. ಕ್ಯಾಥರೀನ್ 1796ರಲ್ಲಿ ಸತ್ತಳು. ಮಗ ಪಾವೆಲ್ ಬಂದವನೇ ಅಮ್ಮ ಮಾಡಿದ್ದನ್ನೆಲ್ಲ ತಿರುಗಿಸಿ ಹಾಕಿದ. ತಾಲ್ಲೂಕುಗಳನ್ನು ಕಡಿಮೆ ಮಾಡಿದ, ಪ್ಲ್ಯೋಸ್ ತಾಲ್ಲೂಕೂ ಹೋಯಿತು. ಊರನ್ನು ನೆರೆಖ್ತಾ ತಾಲ್ಲೂಕಿಗೆ ಸೇರಿಸಿದರು. ಆದರೆ ಪಟ್ಟಣ ಅನ್ನೋ ಹೆಸರು ಕಿತ್ತುಕೊಳ್ಳಲಿಲ್ಲ. ಇಂಥ ಊರುಗಳಿಗೆ ರಷ್ಯನ್ನರು ಇಟ್ಟ ಹೆಸರು 'ಜಷ್ತಾತ್ನಿ'. ಅಂದರೆ ಹುದ್ದೆಗಳ ಪಟ್ಟಿಯಿಂದ ಆಚೆ ಇರೋದು. ಬೋರ್ಡ್ ಇದೆ, ಸ್ಟಾಫ್ ಇಲ್ಲ! ಇವತ್ತಿಗೂ ಯಾವುದಾದರೂ ಮೂಲೆಯ ಊರನ್ನು ಆಡಿಕೊಳ್ಳೋಕೆ ಅವರು ಆ ಪದ ಬಳಸುತ್ತಾರೆ.

ಆಮೇಲಿನ ನೂರು ವರ್ಷ ಬೇಗ ಹೇಳಿಬಿಡುತ್ತೇನೆ. 1870ರಲ್ಲಿ ತೆರಿಗೆ ಕಟ್ಟುವವರಿಗೆ ಪಟ್ಟಣ ಸಭೆಯ ಮತ ಬಂತು, ಜಾಸ್ತಿ ಕಟ್ಟುವವರಿಗೆ ಜಾಸ್ತಿ ಬಲ. 1892ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ ಆಸ್ತಿ ಇದ್ದವರಿಗೇ ಅಂದರು. ತೀರಾ ಪುಟ್ಟ ಪಟ್ಟಣಗಳಿಗೆ ಒಂದು ಸುಲಭದ ದಾರಿಯನ್ನೂ ಮಾಡಿದರು: ಮನೆ ಯಜಮಾನರು ಸೇರಿ 12ರಿಂದ 15 ಜನರನ್ನು ಆರಿಸೋದು, ಅವರ ಮೇಲೆ ಒಬ್ಬ ಹಿರಿಯ. ಕ್ರಾಂತಿಯ ನಂತರ ಸೋವಿಯತ್‌ಗಳು ಬಂದವು. ಊರು ಕೊಸ್ತ್ರೊಮಾ ಕೈ ಬಿಟ್ಟು ಬಟ್ಟೆ ಗಿರಣಿಗಳ ಇವಾನೋವೋ ಕೈಗೆ ಹೋಯಿತು, ಈಗಲೂ ಇವಾನೋವೋ ಪ್ರಾಂತ್ಯದಲ್ಲೇ ಇದೆ.

ಈಗಿನದಕ್ಕೆ ಬರೋಣ. ಪ್ಲ್ಯೋಸ್ ಇರೋದು ಪ್ರಿವೋಲ್ಜ್ಸ್ಕ್ ಜಿಲ್ಲೆಯಲ್ಲಿ. ಜಿಲ್ಲೆ ಅಂದರೆ ನಮ್ಮ ತಾಲ್ಲೂಕಿನಷ್ಟು. ಪ್ರಿವೋಲ್ಜ್ಸ್ಕ್ ಅಂದರೆ 'ವೋಲ್ಗಾ ಪಕ್ಕದ ಊರು' ಅಂತ ಅರ್ಥ. ತಮಾಷೆ ಏನಪ್ಪಾ ಅಂದರೆ ಆ ಊರು ವೋಲ್ಗಾ ದಡದಲ್ಲಿಲ್ಲ, ಒಳಗಿದೆ. ದಡದಲ್ಲಿರೋ ಪ್ಲ್ಯೋಸ್ ಅದರ ಕೈಕೆಳಗೆ! 2003ರ ಸ್ಥಳೀಯ ಆಡಳಿತದ ಕಾಯ್ದೆ ಎರಡು ಮೆಟ್ಟಿಲು ಮಾಡಿತು. ಮೇಲಿನ ಮೆಟ್ಟಿಲು ಜಿಲ್ಲೆ. ಕೆಳಗಿನದು 'ನಗರ ವಸತಿ' ಅನ್ನಬಹುದಾದ ಘಟಕ, ಅದರಲ್ಲಿ ಪ್ಲ್ಯೋಸ್ ಪೇಟೆ ಮಾತ್ರ ಅಲ್ಲ, ಸುತ್ತಲ ಹಳ್ಳಿಗಳೂ ಸೇರುತ್ತವೆ. ಸಾವಿರದಿಂದ ಹತ್ತು ಸಾವಿರ ಜನ ಇರುವ ಇಂಥ ಘಟಕಕ್ಕೆ ಕನಿಷ್ಠ ಹತ್ತು ಜನ ಸದಸ್ಯರ ಸಭೆ ಇರಬೇಕು ಅಂತ ಕಾಯ್ದೆ. ಎರಡು ಸಾವಿರ ಚಿಲ್ಲರೆ ಜನಕ್ಕೆ ಹತ್ತು ಸದಸ್ಯರು ಅಂದರೆ ಇನ್ನೂರು ಜನಕ್ಕೆ ಒಬ್ಬರು ಸಾರ್! ನಮ್ಮ ಗ್ರಾಮ ಪಂಚಾಯಿತಿಯಲ್ಲೇ ನಾನೂರು ಜನಕ್ಕೆ ಒಬ್ಬರು. ಬೆಂಗಳೂರಿನ ಕಥೆ ಕೇಳಲೇಬೇಡಿ, 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕೋಟಿಗೂ ಮೀರಿದ ಜನಕ್ಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ದುಡ್ಡಿನ ವಿಷಯ. ಜಮೀನಿನ ತೆರಿಗೆ, ಮನೆ ತೆರಿಗೆ ಎರಡೂ ಊರಿಗೇ. ಅಲ್ಲಿ ಕೆಲಸ ಮಾಡುವವರ ಸಂಬಳದಿಂದ ಹೋಗುವ ಆದಾಯ ತೆರಿಗೆಯಲ್ಲಿ ನೂರಕ್ಕೆ ಹತ್ತು ಭಾಗ ಊರಿಗೆ ಬರುತ್ತದೆ. ಇದು ನಮ್ಮಲ್ಲಿ ಇಲ್ಲದ ಪದ್ಧತಿ. ಆದರೆ ಎರಡು ಸಾವಿರ ಜನರಿಂದ ಎಷ್ಟು ಬರುತ್ತೆ ಹೇಳಿ, ಉಳಿದಿದ್ದಕ್ಕೆ ಮೇಲೆ ಕೈ ಚಾಚಬೇಕು. ಕೆಲಸಗಳು ನಿಮಗೆ ಗೊತ್ತಿರೋವೇ: ನೀರು, ಒಳಗಿನ ರಸ್ತೆ, ದೀಪ, ಸ್ಮಶಾನ. ಶಾಲೆ ಜಿಲ್ಲೆಯದು, ಆಸ್ಪತ್ರೆ ಪ್ರಾಂತ್ಯದ್ದು.

ನಿಮ್ಮ ಸರ್ವಿಸಿನಲ್ಲಿ ಇಲ್ಲದ ಒಂದು ತಲೆನೋವು ಅವರಿಗಿದೆ, ಬಿಸಿ. ಕಟ್ಟಡಗಳಿಗೆ ಒಂದು ಬಾಯ್ಲರ್ ಮನೆಯಿಂದ ಪೈಪಿನಲ್ಲಿ ಬಿಸಿನೀರು ಹರಿಸಿ ಕೋಣೆ ಬೆಚ್ಚಗೆ ಮಾಡೋ ಪದ್ಧತಿ ರಷ್ಯಾದ ಪಟ್ಟಣಗಳಲ್ಲಿದೆ. ಶರತ್ಕಾಲದಲ್ಲಿ ದಿನದ ಸರಾಸರಿ ಉಷ್ಣಾಂಶ ಸತತ ಐದು ದಿನ 8 ಡಿಗ್ರಿಗಿಂತ ಕೆಳಗೆ ಇದ್ದರೆ ಬಿಸಿ ಶುರು ಮಾಡಬೇಕು ಅಂತ ನಿಯಮ. ಐದು ದಿನ! ನಾಲ್ಕನೇ ದಿನ ಬಿಸಿಲು ಬಂದು ಸರಾಸರಿ ಒಂಬತ್ತಾದರೆ ಮತ್ತೆ ಒಂದರಿಂದ ಎಣಿಸು. ಸ್ವೆಟರ್ ಹಾಕಿಕೊಂಡು ಥರ್ಮಾಮೀಟರ್ ನೋಡುತ್ತಾ ಕೂತ ಅಜ್ಜಿಯರು ಕಣ್ಣಿಗೆ ಕಟ್ಟುತ್ತಾರೆ. ನಮ್ಮಲ್ಲಿ ನೀರು ಬಿಡೋನಿಗೆ ಫೋನ್ ಮಾಡಿ ಬೈತೀವಲ್ಲ, ಅಲ್ಲಿ ಬಿಸಿ ಬಿಡೋನಿಗೆ.

ಇನ್ನೊಂದು, 2025ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಬಂದಿದೆ. ಎರಡು ಮೆಟ್ಟಿಲು ತೆಗೆದು ಒಂದೇ ಮೆಟ್ಟಿಲು ಮಾಡೋ ಕಡೆಗೆ ಅದರ ಒಲವು, ಬೇಕಾದ ಪ್ರಾಂತ್ಯಗಳು ಎರಡನ್ನೂ ಇಟ್ಟುಕೊಳ್ಳಬಹುದು ಅನ್ನೋ ಕಿಂಡಿಯನ್ನೂ ಬಿಟ್ಟಿದ್ದಾರೆ. ಒಂದೇ ಮೆಟ್ಟಿಲಾದ ಕಡೆ ಸಣ್ಣ ಊರಿನ ಸ್ವಂತ ಸಭೆ ಹೋಗಿ ಎಲ್ಲ ಜಿಲ್ಲೆಯ ಮಟ್ಟದಲ್ಲೇ ತೀರ್ಮಾನ ಆಗುತ್ತದೆ. ಖರ್ಚು ಉಳಿಯುತ್ತೆ ಅನ್ನೋದು ಸರ್ಕಾರದ ವಾದ. ನನಗೇನೋ ಇದು ಸರಿ ಕಾಣಲ್ಲ. ಬೀದಿದೀಪ ಹೋಗಿದೆ ಅಂತ ಹೇಳೋಕೆ ಬಸ್ ಹತ್ತಿ ಹೋಗಬೇಕಾದರೆ ಯಾರು ಹೇಳ್ತಾರೆ? ನನ್ನದೇ ಒಂದು ಖಾತಾ ತಿದ್ದುಪಡಿಗೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಐದು ಸಲ ಓಡಾಡಿದ್ದೀನಿ, ಎರಡೂ ಬೆಂಗಳೂರಿನಲ್ಲೇ ಇದ್ದವು. ನಿಮಗೇನನ್ನಿಸುತ್ತೆ ಅಂತ ಒಂದು ಸಾಲು ಬರೆಯಿರಿ, ನಿಮ್ಮ ಅನುಭವ ದೊಡ್ಡದು.

ರಾಜಾಜಿನಗರದಿಂದ, ಕುಮಟಾ ಕಡೆಯವರು: ಕೋಟೆ ಇತ್ತು, ನದಿ ಇತ್ತು, ಪಟ್ಟಣ ಅಂತ ಹೆಸರೂ ಇತ್ತು. ಮತ್ತೆ ಯಾಕೆ ಬೆಳೆಯಲಿಲ್ಲ?

ಕುಮಟಾದವರಾಗಿ ನೀವೇ ಕೇಳ್ತೀರಲ್ಲ! ನಿಮ್ಮೂರಿಗೆ ಆಗಿದ್ದೇ ಅದಕ್ಕೂ ಆಗಿದ್ದು.

ಧಾರವಾಡ, ಹುಬ್ಬಳ್ಳಿ ಕಡೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗು. ಇಂಗ್ಲೆಂಡಿನ ಮಾರುಕಟ್ಟೆಯಲ್ಲಿ ಆ ಹತ್ತಿಗೆ ಕುಮಟಾ ಹತ್ತಿ ಅಂತಲೇ ಹೆಸರು, ಬೆಳೆದದ್ದು ಬಯಲುಸೀಮೆಯಲ್ಲಾದರೂ. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಮರ್ಮಗೋವಾ ಕಡೆಗೆ ರೈಲು ಬಂತು. ಗಾಡಿಗಳು ನಿಂತವು.

ಪ್ಲ್ಯೋಸ್ ಕಥೆ ಅಚ್ಚು ಇದೇ, ಅದೂ ಬಟ್ಟೆ ವ್ಯಾಪಾರದ್ದೇ. ಅಲ್ಲಿಂದ ಸುಮಾರು 70 ಕಿ.ಮೀ. ದೂರದ ಇವಾನೋವೋ ರಷ್ಯಾದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಅಲ್ಲಿನ ಗಿರಣಿಗಳಿಗೆ ಬೇಕಾದ ಸರಕು ವೋಲ್ಗಾ ಮೇಲೆ ಬಂದು ಪ್ಲ್ಯೋಸ್ ಕಟ್ಟೆಯಲ್ಲಿ ಇಳಿದು, ಗಾಡಿ ಹತ್ತಿ ಹೋಗಬೇಕಿತ್ತು. ಹೊರೋರು, ಗಾಡಿಯವರು, ದಲ್ಲಾಳಿಗಳು, ಊಟದ ಮನೆಗಳು, ಎಲ್ಲರಿಗೂ ಕೈತುಂಬ ಕೆಲಸ. ದಡದಲ್ಲಿ ಇವತ್ತಿಗೂ ಕಾಣೋ ವ್ಯಾಪಾರಿಗಳ ಮನೆಗಳು ಆ ದುಡ್ಡಿನವು. 1871ರಲ್ಲಿ ಇವಾನೋವೋದಿಂದ ರೈಲು ವೋಲ್ಗಾ ದಡ ಮುಟ್ಟಿತು. ಆದರೆ ಮುಟ್ಟಿದ್ದು ಪ್ಲ್ಯೋಸನ್ನಲ್ಲ, ಅದಕ್ಕಿಂತ ಕೆಳಗಿನ ಕಿನೆಷ್ಮಾವನ್ನು. ಸರಕೆಲ್ಲ ಅಲ್ಲಿ ಇಳಿಯೋಕೆ ಶುರುವಾಯಿತು. ಅಷ್ಟೇ, ಮುಗೀತು. ಕಿನೆಷ್ಮಾ ಗಿರಣಿ ಪಟ್ಟಣ ಆಯಿತು. ಪ್ಲ್ಯೋಸ್‌ಗೆ ಇವತ್ತಿಗೂ ರೈಲು ಬಂದಿಲ್ಲ. ನಿಮ್ಮ ಕುಮಟಾಕ್ಕೆ ತಡವಾಗಿಯಾದರೂ ಕೊಂಕಣ ರೈಲ್ವೆ ಬಂತಲ್ಲ, ಸಮಾಧಾನ ಮಾಡಿಕೊಳ್ಳಿ.

ಶಿವಾನಂದ ಸರ್ಕಲ್ ಹತ್ತಿರದಿಂದ, ಚಿತ್ರಕಲೆ ವಿದ್ಯಾರ್ಥಿ: ಲೆವಿಟಾನ್ ಹೆಸರೇ ಇಲ್ಲದೆ ಪ್ಲ್ಯೋಸ್ ಬಗ್ಗೆ ಬರೆದಿದ್ದೀರಿ. ಬೇಜಾರಾಯ್ತು.

ಬೇಜಾರು ಮಾಡ್ಕೋಬೇಡಪ್ಪ. ಹೋದ ಸಲ ಜಾಗ ಇರಲಿಲ್ಲ. ನೋಡು, ರೈಲು ಬಿಟ್ಟುಹೋಗಿ ಹದಿನೇಳು ವರ್ಷ ಆದ ಮೇಲೆ, 1888ರಲ್ಲಿ, ರಷ್ಯನ್ ಚಿತ್ರಗಾರ ಐಸಾಕ್ ಲೆವಿಟಾನ್ ಸ್ಟೀಮರಿನಲ್ಲಿ ಬಂದು ಇಳಿದ. ವ್ಯಾಪಾರ ಕಳಕೊಂಡು ಸುಮ್ಮನೆ ಕೂತಿದ್ದ ಊರು ಅದು. ಹೊಸ ಕಟ್ಟಡ ಇಲ್ಲ, ಗಿರಣಿ ಚಿಮಣಿ ಇಲ್ಲ, ಗದ್ದಲ ಇಲ್ಲ. ಆತನಿಗೆ ಬೇಕಾಗಿದ್ದೂ ಅದೇ. ಮೂರು ಬೇಸಿಗೆ ಅಲ್ಲಿಗೇ ಬಂದ, 1890ರವರೆಗೆ. 1889ರಲ್ಲಿ ಬರೆದ ಹೊಂಬಣ್ಣದ ಸಂಜೆಯ ಚಿತ್ರ ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಯಲ್ಲಿದೆ, ನೀನು ಪುಸ್ತಕದಲ್ಲಿ ನೋಡೇ ಇರ್ತೀಯ. ಬೆಟ್ಟದ ಮೇಲೆ ನಿಂತು ಕೆಳಗೆ ನೋಡಿದಂತೆ, ಬಿಳಿ ಚರ್ಚು, ಕೆಂಪು ಮಾಡಿನ ಬಿಳಿ ಮನೆ, ನದಿ ಮೇಲೆ ಮಂಜು ಇನ್ನೇನು ಏಳ್ತಾ ಇದೆ. ಜನ ಕಾಣಲ್ಲ.

ಆತ ಬರೆದ ಇನ್ನೊಂದು ಹಳೆಯ ಮರದ ಚರ್ಚು ಪೀಟರ್-ಪಾಲ್ ಗುಡ್ಡದ ಮೇಲಿತ್ತು. 1903ರಲ್ಲಿ ಸುಟ್ಟುಹೋಯಿತು. ಎಂಬತ್ತು ವರ್ಷ ಗುಡ್ಡ ಖಾಲಿ ಇತ್ತು. ಕೊನೆಗೆ 1982ರಲ್ಲಿ ಬಿಲ್ಯುಕೊವೊ ಅನ್ನೋ ಹಳ್ಳಿಯಿಂದ 1699ರ ಒಂದು ಮರದ ಚರ್ಚನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಿದರು. ಈಗ ಪ್ರವಾಸಿಗರು ಅದನ್ನೇ ಲೆವಿಟಾನ್ ಚರ್ಚ್ ಅಂದುಕೊಂಡು ಸೆಲ್ಫಿ ತಗೋತಾರೆ. ಆತ ತಂಗಿದ್ದ ಮನೆ 1972ರಿಂದ ಮ್ಯೂಸಿಯಂ. ನಿಜ ಹೇಳಬೇಕೆಂದರೆ ಇವತ್ತು ಊರಿನ ಹೊಟ್ಟೆ ತುಂಬಿಸೋನು ವಸೀಲಿಯೂ ಅಲ್ಲ, ಕ್ಯಾಥರೀನೂ ಅಲ್ಲ, ಈ ಚಿತ್ರಗಾರ.

ಹಾಸನ ಮೂಲದ ಓದುಗರು, ಕೆಂಗೇರಿಯಿಂದ: ವೋಲ್ಗಾ ಮೇಲೆ ಅಣೆಕಟ್ಟು ಕಟ್ಟಿ ಊರುಗಳನ್ನೇ ಮುಳುಗಿಸಿದರು ಅಂತ ಕೇಳಿದ್ದೇನೆ. ಪ್ಲ್ಯೋಸ್ ಹೇಗೆ ಉಳಿಯಿತು?

ಎತ್ತರದಿಂದ. ಕೆಳಗೆ ಗೊರೊಡೆಟ್ಸ್ ಬಳಿ ಅಣೆಕಟ್ಟು ಕಟ್ಟಿ 1955ರಿಂದ 1957ರ ನಡುವೆ ಗೋರ್ಕಿ ಜಲಾಶಯ ತುಂಬಿಸಿದರು. ಪ್ಲ್ಯೋಸ್ ಇರೋದು ಅದರ ಮೇಲಿನ ತುದಿಯ ಕಡೆ. ನೀರು ಏರಿತು, ನದಿ ಅಗಲ ಆಯಿತು, ಆದರೆ ಊರು ಉಳಿಯಿತು. ಕೆಳಗಿನವರಿಗೆ ಆ ಅದೃಷ್ಟ ಇರಲಿಲ್ಲ. ಪುಚೆಜ್ ಅನ್ನೋ ಪಟ್ಟಣವನ್ನು ಎತ್ತಿ ಬೇರೆ ಕಡೆ ಕಟ್ಟಬೇಕಾಯಿತು, ಹಳೆಯದು ನೀರಿನ ಕೆಳಗಿದೆ. ಯೂರ್ಯೆವೆಟ್ಸ್‌ಗೆ ತಡೆಗೋಡೆ ಕಟ್ಟಿ ಕಾಪಾಡಿದರು. ಇವರೆಲ್ಲರಿಗಿಂತ ದೊಡ್ಡ ಕಥೆ ಮೇಲೆ, ರೀಬಿನ್ಸ್ಕ್ ಜಲಾಶಯದಲ್ಲಿ. ಅಲ್ಲಿ ಮೊಲೋಗಾ ಅನ್ನೋ ಒಂದು ಇಡೀ ಪಟ್ಟಣವೇ ಹೋಯಿತು, ಸುತ್ತಲ ನೂರಾರು ಹಳ್ಳಿಗಳ ಜೊತೆ. ಸುಮಾರು 1 ಲಕ್ಷ 30 ಸಾವಿರ ಜನ ಮನೆ ಬಿಟ್ಟರು. ನಿಕಿತಿನ್ ದಾಟಿದ ಕಲ್ಯಾಜಿನ್ ಊರಿನ ಹಳೆಯ ಭಾಗವೂ ಮುಳುಗಿತು, ಚರ್ಚಿನ ಗಂಟೆಗೋಪುರ ಒಂದು ಮಾತ್ರ ನೀರಿನ ಮಧ್ಯೆ ನಿಂತಿದೆ, 74 ಮೀಟರ್ ಎತ್ತರ.

ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೊರೂರು ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚು ನೋಡಿಕೊಂಡೇ ಬೆಳೆದವರು ನೀವು. ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಕಾಲು ಊರಿ ನಿಲ್ಲೋ ಅದೇ ಚರ್ಚು.

ಮತ್ತೆ ಜಯನಗರದ ಅದೇ ತಾಯಿ (ಎರಡನೇ ಕಾಗದ): ಮಗಳು ಈಗ ಚಳಿಗಾಲದಲ್ಲೂ ಹೋಗ್ತೀನಿ ಅಂತಾಳೆ. ದೋಣಿ ಇರುತ್ತಾ? ಅಲ್ಲಿ ತಿನ್ನೋಕೆ ಏನು ಸಿಗುತ್ತೆ? ನಾವು ಸಸ್ಯಾಹಾರಿಗಳು.

ಚಳಿಗಾಲದಲ್ಲಿ ವೋಲ್ಗಾ ಹೆಪ್ಪುಗಟ್ಟುತ್ತದೆ ಮೇಡಂ, ಪ್ರವಾಸದ ಹಡಗುಗಳು ಬೇಸಿಗೆಗೆ ಮಾತ್ರ. ಇವಾನೋವೋದಿಂದ ಬಸ್ಸಿನಲ್ಲಿ ಹೋಗಬೇಕು. ಮಂಜಿನ ಮೇಲೆ ನಡೆಯೋ ಸಾಹಸ ಬೇಡ ಅಂತ ನನ್ನ ಕಡೆಯಿಂದಲೂ ಹೇಳಿ.

ಊಟದ ವಿಷಯ ಸ್ವಲ್ಪ ಕಷ್ಟ. ಪ್ಲ್ಯೋಸ್ ಹೆಸರು ಹೇಳಿದರೆ ರಷ್ಯನ್ನರ ಬಾಯಲ್ಲಿ ನೀರೂರೋದು ಹೊಗೆಯಲ್ಲಿ ಬೇಯಿಸಿದ ಲೆಷ್ ಮೀನಿಗೆ. ದಡದ ಬೀದಿಯಲ್ಲಿ ಮಾರುತ್ತಾರೆ, ಚಿನ್ನದ ಬಣ್ಣ ತಿರುಗಿರುತ್ತೆ, ಕಾಗದದಲ್ಲಿ ಸುತ್ತಿ ಕೊಡ್ತಾರೆ. ಅದೇ ಮೀನು ತುಂಬಿದ ಕಡುಬಿನಂಥ ತಿಂಡಿಯೂ ಇದೆ. ಮಗಳು ಕಡುಬು ಅಂತ ಕೈ ಹಾಕೋ ಮೊದಲು ಒಳಗೇನಿದೆ ಅಂತ ಕೇಳಲಿ. ಎಲೆಕೋಸು, ಆಲೂಗೆಡ್ಡೆ ತುಂಬಿದ್ದೂ ರಷ್ಯಾದಲ್ಲಿ ಎಲ್ಲ ಕಡೆ ಸಿಗುತ್ತೆ, ಅದಕ್ಕೆ 'ಪಿರಶೋಕ್' ಅಂತ ಕೇಳಬೇಕು. 'ಸ್ ಕಪೂಸ್ತೊಯ್' ಅಂದರೆ ಎಲೆಕೋಸಿನದು. ನೀವು ಕೊಟ್ಟು ಕಳಿಸಿದ ಚಟ್ನಿಪುಡಿ ಇನ್ನೂ ಉಳಿದಿದ್ದರೆ ಜೊತೆಗೆ ತಗೊಂಡು ಹೋಗಲಿ.